ಹುದ್ದೆ ಬಿಡದೆ ಉನ್ನತ ಓದು: ಗುರುಗುಂಟಾದಂಥ ಊರಿಗೆ ಇದೇಕೆ ಮುಖ್ಯ?

ಗುರುಗುಂಟಾ (ಲಿಂಗಸೂಗೂರು ತಾಲ್ಲೂಕು): ಎಂ.ಬಿ.ಬಿ.ಎಸ್. ಮುಗಿಸಿದ ವೈದ್ಯರೊಬ್ಬರು ಹೋಬಳಿ ಮಟ್ಟದ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಬರುತ್ತಾರೆ. ಊರಿನವರ ಪರಿಚಯವಾಗುತ್ತದೆ. ಯಾವ ತಾಂಡಾದಲ್ಲಿ ಯಾವ ಗರ್ಭಿಣಿಗೆ ರಕ್ತಹೀನತೆ ಇದೆ, ಯಾವ ಮನೆಯ ಹಿರಿಯರು ಸಕ್ಕರೆ ಕಾಯಿಲೆಯ ಮಾತ್ರೆ ಬಿಟ್ಟಿದ್ದಾರೆ ಎಂಬುದು ತಿಳಿಯುತ್ತದೆ. ಅಷ್ಟರಲ್ಲಿ ಸ್ನಾತಕೋತ್ತರ ಪ್ರವೇಶ ಪರೀಕ್ಷೆಯ ಫಲಿತಾಂಶ ಬರುತ್ತದೆ. ವೈದ್ಯರು ಮೂರು ವರ್ಷದ ಓದಿಗೆ ಹೊರಡುತ್ತಾರೆ. ಅವರು ಹೊರಡುವುದು ತಪ್ಪಲ್ಲ. ಆದರೆ ಅವರು ಹೋದ ದಿನದಿಂದ ಊರಿನವರ ಪಾಲಿಗೆ ಉಳಿಯುವುದು ಖಾಲಿ ಕುರ್ಚಿ, ಇಲ್ಲವೇ ವಾರದಲ್ಲಿ ಎರಡು ದಿನ ಬಂದುಹೋಗುವ ಪ್ರಭಾರಿ ವೈದ್ಯರು.

ಇದು ಗುರುಗುಂಟಾ ಒಂದರ ಕತೆಯಲ್ಲ. ರಾಜ್ಯದ ಹಿಂದುಳಿದ ತಾಲ್ಲೂಕುಗಳೆಲ್ಲವೂ ಎದುರಿಸುತ್ತಿರುವ ಇಕ್ಕಟ್ಟು ಇದು. ವೈದ್ಯರಿಗೆ, ಶುಶ್ರೂಷಾಧಿಕಾರಿಗಳಿಗೆ ಉನ್ನತ ವ್ಯಾಸಂಗ ಬೇಕು. ಜನರಿಗೆ ಅವರ ಸೇವೆ ಬೇಕು. ಎರಡನ್ನೂ ಒಟ್ಟಿಗೆ ಸಾಧಿಸುವ ದಾರಿ ಇದೆಯೇ? ಸೇವೆಯಲ್ಲಿದ್ದುಕೊಂಡೇ ಓದುವ ವ್ಯವಸ್ಥೆಯ ಚರ್ಚೆ ಹುಟ್ಟುವುದು ಈ ಪ್ರಶ್ನೆಯಿಂದಲೇ.

ಎಲ್ಲಿದೆ ಗುರುಗುಂಟಾ?

ಅಮರೇಶ್ವರ ಕ್ಷೇತ್ರದಿಂದಾಗಿ ಭಕ್ತರಿಗೆ ಪರಿಚಿತವಾದ ಗುರುಗುಂಟಾ, ರಾಯಚೂರು ಜಿಲ್ಲೆಯ ಲಿಂಗಸೂಗೂರು ತಾಲ್ಲೂಕಿನ ಹೋಬಳಿ ಕೇಂದ್ರ. ದೇಶದ ಪ್ರಮುಖ ಚಿನ್ನದ ಗಣಿಯಿರುವ ಹಟ್ಟಿ ಇಲ್ಲಿಗೆ ಸಮೀಪ. ಜಿಲ್ಲಾ ಕೇಂದ್ರವಾದ ರಾಯಚೂರು ದೂರ. ರಾಜಧಾನಿ ಬೆಂಗಳೂರು ನಾಲ್ಕು ನೂರು ಕಿಲೋಮೀಟರಿಗೂ ಹೆಚ್ಚು ದೂರ.

ಪ್ರಾದೇಶಿಕ ಅಸಮತೋಲನದ ಅಧ್ಯಯನ ನಡೆಸಿದ ಡಾ. ಡಿ.ಎಂ. ನಂಜುಂಡಪ್ಪ ಸಮಿತಿ 2002ರಲ್ಲಿ ವರದಿ ನೀಡಿದಾಗ ರಾಜ್ಯದ 114 ತಾಲ್ಲೂಕುಗಳನ್ನು ಹಿಂದುಳಿದವೆಂದು ಗುರುತಿಸಿತ್ತು. ಅವುಗಳಲ್ಲಿ 39 ಅತ್ಯಂತ ಹಿಂದುಳಿದವು. ಲಿಂಗಸೂಗೂರು ಆ 39ರ ಪಟ್ಟಿಯಲ್ಲಿತ್ತು. 2018ರಲ್ಲಿ ಕೇಂದ್ರ ಸರ್ಕಾರ ಮಹತ್ವಾಕಾಂಕ್ಷೆಯ ಜಿಲ್ಲೆಗಳ ಕಾರ್ಯಕ್ರಮ ಆರಂಭಿಸಿದಾಗ ಕರ್ನಾಟಕದಿಂದ ಸೇರಿದ್ದು ರಾಯಚೂರು ಮತ್ತು ಯಾದಗಿರಿ. ಆರೋಗ್ಯ ಮತ್ತು ಪೌಷ್ಟಿಕತೆ ಆ ಕಾರ್ಯಕ್ರಮದ ಮುಖ್ಯ ಅಳತೆಗೋಲುಗಳಲ್ಲಿ ಸೇರಿವೆ.

ಬಯಲು ಪ್ರದೇಶದಲ್ಲಿ 30 ಸಾವಿರ ಜನಸಂಖ್ಯೆಗೆ ಒಂದು ಪ್ರಾಥಮಿಕ ಆರೋಗ್ಯ ಕೇಂದ್ರ, 1.2 ಲಕ್ಷ ಜನಸಂಖ್ಯೆಗೆ ಒಂದು ಸಮುದಾಯ ಆರೋಗ್ಯ ಕೇಂದ್ರ ಇರಬೇಕೆಂಬುದು ರಾಷ್ಟ್ರೀಯ ಮಾನದಂಡ. ಸಮುದಾಯ ಕೇಂದ್ರದಲ್ಲಿ ಫಿಜಿಷಿಯನ್, ಶಸ್ತ್ರಚಿಕಿತ್ಸಕರು, ಸ್ತ್ರೀರೋಗ ಮತ್ತು ಮಕ್ಕಳ ತಜ್ಞರು ಇರಬೇಕು. ಕಟ್ಟಡ ಕಟ್ಟುವುದು ಸುಲಭ, ತಜ್ಞರನ್ನು ತಂದು ಕೂರಿಸುವುದು ಕಷ್ಟ ಎಂಬುದು ದೇಶದ ಎಲ್ಲೆಡೆಯ ಅನುಭವ.

ಪೂರ್ಣಾವಧಿಯ ಓದು ಮತ್ತು ಅದರ ಕಟ್ಟುಪಾಡು

ವೈದ್ಯಕೀಯದಲ್ಲಿ ಎಂ.ಡಿ., ಎಂ.ಎಸ್. ಪದವಿಗಳು ಮೂರು ವರ್ಷದ ಪೂರ್ಣಾವಧಿ ಕೋರ್ಸುಗಳು. ವಿದ್ಯಾರ್ಥಿಯು ಆಸ್ಪತ್ರೆಯ ನಿವಾಸಿ ವೈದ್ಯರಾಗಿ ದುಡಿಯುತ್ತಲೇ ಕಲಿಯಬೇಕು. ಹಾಜರಾತಿ ಕನಿಷ್ಠ ಶೇ 80 ಇರಬೇಕು. ಶಸ್ತ್ರಚಿಕಿತ್ಸೆಯನ್ನೋ ಹೆರಿಗೆ ಮಾಡಿಸುವುದನ್ನೋ ಅಂಚೆಯಲ್ಲಿ ಬಂದ ಪಾಠದಿಂದ ಕಲಿಯಲಾಗದು. ಆದ್ದರಿಂದ ಇಂಥ ತಜ್ಞ ಪದವಿಗಳಿಗೆ ದೂರಶಿಕ್ಷಣದ ಬಾಗಿಲು ಮುಚ್ಚಿರುವುದು ಸರಿಯೇ.

ಹಾಗಿದ್ದರೆ ಸೇವಾನಿರತರಿಗೆ ಅನುಕೂಲ ಎಲ್ಲಿದೆ? ಒಂದು, ಪ್ರವೇಶದಲ್ಲಿ. ಎರಡು, ಓದುವ ಸ್ಥಳದಲ್ಲಿ. ಮೂರು, ತಜ್ಞ ಪದವಿಯಲ್ಲದ ಆದರೆ ದಿನನಿತ್ಯದ ಕೆಲಸಕ್ಕೆ ಬೇಕಾದ ಜ್ಞಾನವನ್ನು ಕಂತುಗಳಲ್ಲಿ ಪಡೆಯುವುದರಲ್ಲಿ. ಈ ಮೂರನ್ನೂ ಬೇರೆ ಬೇರೆಯಾಗಿ ನೋಡುವುದು ಒಳಿತು.

ಪ್ರವೇಶ: ಸೇವಾನಿರತರ ಕೋಟಾ

ಸರ್ಕಾರಿ ಸೇವೆಯಲ್ಲಿರುವ ವೈದ್ಯರು ಪ್ರವೇಶ ಪರೀಕ್ಷೆಯಲ್ಲಿ ಆಗತಾನೆ ಕಾಲೇಜು ಮುಗಿಸಿದವರೊಂದಿಗೆ ಸ್ಪರ್ಧಿಸಬೇಕು. ಒಬ್ಬರು ಇಡೀ ವರ್ಷ ಪುಸ್ತಕದ ಮುಂದೆ ಕುಳಿತವರು. ಇನ್ನೊಬ್ಬರು ಇಡೀ ವರ್ಷ ಹೊರರೋಗಿಗಳ ಸಾಲಿನ ಮುಂದೆ ಕುಳಿತವರು. ಈ ಅಂತರ ತುಂಬುವ ಉದ್ದೇಶದಿಂದ ಅನೇಕ ರಾಜ್ಯಗಳು ಸೇವಾನಿರತರಿಗೆ ಪ್ರತ್ಯೇಕ ಸೀಟುಗಳನ್ನು ಇರಿಸಿದ್ದವು.

ಭಾರತೀಯ ವೈದ್ಯಕೀಯ ಪರಿಷತ್ತಿನ 2000ನೇ ಸಾಲಿನ ಸ್ನಾತಕೋತ್ತರ ನಿಯಮಾವಳಿ ಬೇರೆ ದಾರಿ ತೋರಿತ್ತು. ತಿದ್ದುಪಡಿಯ ನಂತರ ಅದರಲ್ಲಿ, ದುರ್ಗಮ ಅಥವಾ ಕಠಿಣ ಪ್ರದೇಶದ ಪ್ರತಿ ವರ್ಷದ ಸೇವೆಗೆ ಪ್ರವೇಶ ಪರೀಕ್ಷೆಯಲ್ಲಿ ಗಳಿಸಿದ ಅಂಕದ ಶೇ 10ರವರೆಗೆ, ಒಟ್ಟಾರೆ ಶೇ 30 ಮೀರದಂತೆ ಪ್ರೋತ್ಸಾಹಕ ಅಂಕ ನೀಡಲು ಅವಕಾಶವಿತ್ತು. ಡಿಪ್ಲೊಮಾ ಸೀಟುಗಳಲ್ಲಿ ಅರ್ಧದಷ್ಟನ್ನು, ಅಂಥ ಪ್ರದೇಶದಲ್ಲಿ ಮೂರು ವರ್ಷ ದುಡಿದ ಸರ್ಕಾರಿ ವೈದ್ಯರಿಗೆ ಇಡಲಾಗಿತ್ತು. 2016ರ ಆಗಸ್ಟ್‌ನಲ್ಲಿ ದಿನೇಶ್ ಸಿಂಗ್ ಚೌಹಾಣ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್, ಪದವಿ ಸೀಟುಗಳಲ್ಲಿ ಪ್ರತ್ಯೇಕ ಕೋಟಾ ಸಲ್ಲದು, ಪ್ರೋತ್ಸಾಹಕ ಅಂಕ ಮಾತ್ರ ನೀಡಬಹುದು ಎಂದಿತು.

ನಾಲ್ಕು ವರ್ಷಗಳ ಬಳಿಕ ಚಿತ್ರ ಬದಲಾಯಿತು. ತಮಿಳುನಾಡು ವೈದ್ಯಾಧಿಕಾರಿಗಳ ಸಂಘದ ಅರ್ಜಿಯ ಮೇಲೆ ಐವರು ನ್ಯಾಯಮೂರ್ತಿಗಳ ಸಂವಿಧಾನ ಪೀಠ 2020ರ ಆಗಸ್ಟ್ 31ರಂದು ತೀರ್ಪು ನೀಡಿ, ಸೇವಾನಿರತ ವೈದ್ಯರಿಗೆ ಸ್ನಾತಕೋತ್ತರ ಪದವಿ ಸೀಟುಗಳಲ್ಲಿ ಪ್ರತ್ಯೇಕ ಪ್ರವೇಶ ಮಾರ್ಗ ಕಲ್ಪಿಸುವ ಅಧಿಕಾರ ರಾಜ್ಯಗಳಿಗೆ ಇದೆ ಎಂದು ಸ್ಪಷ್ಟಪಡಿಸಿತು. ಓದು ಮುಗಿಸಿದವರು ಗ್ರಾಮೀಣ, ಬುಡಕಟ್ಟು ಮತ್ತು ಗುಡ್ಡಗಾಡು ಪ್ರದೇಶಗಳಲ್ಲಿ ಸೇವೆ ಸಲ್ಲಿಸುವಂತೆ ಮುಚ್ಚಳಿಕೆ ಬರೆಸಿಕೊಳ್ಳಬೇಕೆಂದೂ ಪೀಠ ಹೇಳಿತು. ಕರ್ನಾಟಕದಲ್ಲಿ ಸ್ನಾತಕೋತ್ತರ ವೈದ್ಯಕೀಯ ಸೀಟು ಹಂಚಿಕೆಯನ್ನು ಕರ್ನಾಟಕ ಪರೀಕ್ಷಾ ಪ್ರಾಧಿಕಾರ ನಡೆಸುತ್ತದೆ; ಸೇವಾನಿರತರು ಅಲ್ಲಿ ಪ್ರತ್ಯೇಕ ವರ್ಗವಾಗಿ ಅರ್ಜಿ ಸಲ್ಲಿಸುತ್ತಾರೆ.

ಈ ಭಾಗದವರಿಗೆ ಮತ್ತೊಂದು ಆಸರೆಯೂ ಇದೆ. ಸಂವಿಧಾನದ 371ಜೆ ವಿಧಿ 2013ರಲ್ಲಿ ಜಾರಿಗೆ ಬಂದ ಬಳಿಕ, ಅಂದು ಹೈದರಾಬಾದ್ ಕರ್ನಾಟಕವೆಂದೂ 2019ರಿಂದ ಕಲ್ಯಾಣ ಕರ್ನಾಟಕವೆಂದೂ ಕರೆಯಲಾಗುವ ಪ್ರದೇಶದ ವಿದ್ಯಾಸಂಸ್ಥೆಗಳಲ್ಲಿ ಶೇ 70 ಸೀಟುಗಳು, ರಾಜ್ಯ ಮಟ್ಟದ ಸಂಸ್ಥೆಗಳಲ್ಲಿ ಶೇ 8 ಸೀಟುಗಳು ಸ್ಥಳೀಯರಿಗೆ ಮೀಸಲಾಗಿವೆ. ರಾಯಚೂರು ವೈದ್ಯಕೀಯ ವಿಜ್ಞಾನಗಳ ಸಂಸ್ಥೆ 2007ರಲ್ಲಿ ಆರಂಭವಾದದ್ದೂ ಇಲ್ಲಿ ನೆನೆಯಬೇಕಾದ ಸಂಗತಿ. ಸ್ಥಳೀಯರು ಸ್ಥಳೀಯವಾಗಿ ಓದಿದರೆ ಇಲ್ಲಿಯೇ ಉಳಿಯುವ ಸಾಧ್ಯತೆ ಹೆಚ್ಚು ಎಂಬ ನಿರೀಕ್ಷೆ ಈ ವ್ಯವಸ್ಥೆಯ ಹಿಂದಿದೆ.

ಆದರೂ ಕೋಟಾ ಸಮಸ್ಯೆಯ ಅರ್ಧಕ್ಕೆ ಮಾತ್ರ ಉತ್ತರ. ವೈದ್ಯರು ಸಂಬಳ ಸಹಿತ ನಿಯೋಜನೆಯ ಮೇಲೆ ಹೋದರೂ ಮೂರು ವರ್ಷ ಊರಿನಲ್ಲಿ ಇರುವುದಿಲ್ಲ. ತಜ್ಞರಾಗಿ ಮರಳಿದಾಗ ಅವರ ಸ್ಥಾನ ತಾಲ್ಲೂಕು ಅಥವಾ ಜಿಲ್ಲಾ ಆಸ್ಪತ್ರೆ. ಪ್ರಾಥಮಿಕ ಆರೋಗ್ಯ ಕೇಂದ್ರವಲ್ಲ.

ಸ್ಥಳ: ಓದು ಆಸ್ಪತ್ರೆಯ ಬಳಿಗೆ ಬಂದಾಗ

ಎರಡನೆಯ ದಾರಿ, ವೈದ್ಯರನ್ನು ಮಹಾನಗರದ ಕಾಲೇಜಿಗೆ ಕಳುಹಿಸುವ ಬದಲು ಓದನ್ನೇ ಜಿಲ್ಲೆಯ ಆಸ್ಪತ್ರೆಗೆ ತರುವುದು. ರಾಷ್ಟ್ರೀಯ ಪರೀಕ್ಷಾ ಮಂಡಳಿಯ ಡಿ.ಎನ್.ಬಿ. ಕೋರ್ಸುಗಳು ಇದೇ ತತ್ವದ ಮೇಲೆ ನಿಂತಿವೆ. ವೈದ್ಯಕೀಯ ಕಾಲೇಜು ಇಲ್ಲದಿದ್ದರೂ ಮಾನ್ಯತೆ ಪಡೆದ ಆಸ್ಪತ್ರೆಯಲ್ಲಿ ದುಡಿಯುತ್ತಲೇ ತಜ್ಞರಾಗಬಹುದು.

ಇದೇ ಮಂಡಳಿ 2020ರಲ್ಲಿ ಎಂಟು ವಿಷಯಗಳಲ್ಲಿ ಎರಡು ವರ್ಷದ ಡಿಪ್ಲೊಮಾ ಪ್ರಕಟಿಸಿತು. ಅರಿವಳಿಕೆ, ಸ್ತ್ರೀರೋಗ ಮತ್ತು ಪ್ರಸೂತಿ, ಮಕ್ಕಳ ಆರೋಗ್ಯ, ಕಿವಿ-ಮೂಗು-ಗಂಟಲು, ನೇತ್ರ, ಕುಟುಂಬ ವೈದ್ಯ, ವಿಕಿರಣ ಶಾಸ್ತ್ರ, ಕ್ಷಯ ಮತ್ತು ಎದೆ ರೋಗ ಆ ಎಂಟು ವಿಷಯಗಳು. ಜಿಲ್ಲಾ ಆಸ್ಪತ್ರೆಗಳಂಥ ಕಡೆ ತಜ್ಞರ ಕೊರತೆ ತುಂಬುವುದೇ ಇದರ ಗುರಿ. ರಾತ್ರಿ ಸಿಸೇರಿಯನ್ ಆಗಬೇಕಾದ ತಾಯಿಗೆ ಪ್ರಸೂತಿ ತಜ್ಞರು ಇದ್ದು ಅರಿವಳಿಕೆ ತಜ್ಞರು ಇಲ್ಲದಿದ್ದರೆ, ಆಂಬುಲೆನ್ಸ್ ರಾಯಚೂರಿನ ಕಡೆಗೆ ಮುಖ ಮಾಡಬೇಕಾಗುತ್ತದೆ. ಎರಡು ವರ್ಷದ ಅರಿವಳಿಕೆ ಡಿಪ್ಲೊಮಾ ಎಂಬುದು ಅಂಥ ರಾತ್ರಿಗಳಲ್ಲಿ ಕೇವಲ ಒಂದು ಪ್ರಮಾಣಪತ್ರವಲ್ಲ.

ಇದಕ್ಕೂ ಮೊದಲು, ರಾಷ್ಟ್ರೀಯ ಗ್ರಾಮೀಣ ಆರೋಗ್ಯ ಅಭಿಯಾನದ ಕಾಲದಲ್ಲಿ ಎಂ.ಬಿ.ಬಿ.ಎಸ್. ವೈದ್ಯರಿಗೆ 18 ವಾರಗಳ ಜೀವರಕ್ಷಕ ಅರಿವಳಿಕೆ ತರಬೇತಿ ಮತ್ತು 16 ವಾರಗಳ ತುರ್ತು ಪ್ರಸೂತಿ ತರಬೇತಿ ನೀಡಲಾಯಿತು. ಇವು ಪದವಿಗಳಲ್ಲ, ಕೌಶಲಗಳು. ಮೂರು ವರ್ಷ ಕಾಯದೆ ಕೆಲವೇ ತಿಂಗಳಲ್ಲಿ ಒಂದು ಆಸ್ಪತ್ರೆಯನ್ನು ಹೆರಿಗೆಗೆ ಸಿದ್ಧಗೊಳಿಸುವ ಪ್ರಯತ್ನ ಅದಾಗಿತ್ತು.

2020ರ ನಿಯಮ ತಿದ್ದುಪಡಿಯ ಮೂಲಕ ಬಂದ ಜಿಲ್ಲಾ ನಿವಾಸಿ ವೈದ್ಯ ಕಾರ್ಯಕ್ರಮವೂ ಇದೇ ದಿಕ್ಕಿನದು. ಎಂ.ಡಿ., ಎಂ.ಎಸ್. ವಿದ್ಯಾರ್ಥಿಗಳು ಮೂರು ತಿಂಗಳು ಜಿಲ್ಲಾ ಮಟ್ಟದ ಸಾರ್ವಜನಿಕ ಆಸ್ಪತ್ರೆಯಲ್ಲಿ ದುಡಿಯಬೇಕು. ಕಲಿಯಲು ಬಂದವರಿಂದ ಅಲ್ಲಿನ ವೈದ್ಯರಿಗೂ ಹೊಸ ಓದಿನ ಗಾಳಿ ತಾಗುತ್ತದೆ.

ಕಂತುಗಳಲ್ಲಿ ಕಲಿಕೆ: ಬಳ್ಳಾರಿಯಿಂದ ಬಂದ ಪಾಠ

ಮೂರನೆಯ ದಾರಿಯೇ ಗುರುಗುಂಟಾದಂಥ ಊರಿಗೆ ಹೆಚ್ಚು ಹತ್ತಿರದ್ದು. ಅದರ ಬೇರು ಇರುವುದು ನೆರೆಯ ಬಳ್ಳಾರಿ ಜಿಲ್ಲೆಯಲ್ಲಿ.

1980ರ ದಶಕದ ನಡುವಿನಲ್ಲಿ ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆ ಬಳ್ಳಾರಿಯಲ್ಲಿ ಒಂದು ಪ್ರಯೋಗ ಆರಂಭಿಸಿತು. ಮನೋರೋಗ ತಜ್ಞರು ಪ್ರತಿ ಊರಿಗೂ ಸಿಗುವುದಿಲ್ಲ. ಆದ್ದರಿಂದ ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯರಿಗೂ ಆರೋಗ್ಯ ಕಾರ್ಯಕರ್ತರಿಗೂ ಅಲ್ಪಾವಧಿಯ ತರಬೇತಿ ನೀಡಿ, ಸಾಮಾನ್ಯ ಮಾನಸಿಕ ಕಾಯಿಲೆಗಳಿಗೆ ಅವರಿಂದಲೇ ಚಿಕಿತ್ಸೆ ಕೊಡಿಸಬೇಕು ಎಂಬುದು ಅದರ ತಿರುಳು. ಬಳ್ಳಾರಿ ಮಾದರಿ ಎಂದು ಹೆಸರಾದ ಈ ಪ್ರಯೋಗವೇ 1996ರಲ್ಲಿ ರಾಷ್ಟ್ರಮಟ್ಟದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಬುನಾದಿಯಾಯಿತು.

ಆದರೆ ಅಲ್ಪಾವಧಿ ತರಬೇತಿಗೆ ಒಂದು ಮಿತಿ ಇತ್ತು. ತರಗತಿಯಲ್ಲಿ ಕೇಳಿದ್ದು, ಮರಳಿ ಬಂದು ನಿಜವಾದ ರೋಗಿಯ ಮುಂದೆ ಕುಳಿತಾಗ ಮಸುಕಾಗುತ್ತದೆ. ಇದನ್ನು ಮೀರಲು ನಿಮ್ಹಾನ್ಸ್ ಮುಂದೆ ದೂರಸಂಪರ್ಕದ ನೆರವು ಪಡೆಯಿತು. ಸಂಸ್ಥೆಯ ಪ್ರಾಥಮಿಕ ಮನೋವೈದ್ಯ ಕಾರ್ಯಕ್ರಮದಲ್ಲಿ ವೈದ್ಯರು ತಮ್ಮ ಕೇಂದ್ರದಲ್ಲಿಯೇ, ತಮ್ಮದೇ ರೋಗಿಗಳನ್ನು ನೋಡುತ್ತಿರುವಾಗ, ಬೆಂಗಳೂರಿನ ತಜ್ಞರು ವಿಡಿಯೊ ಮೂಲಕ ಜೊತೆಗಿದ್ದು ಮಾರ್ಗದರ್ಶನ ನೀಡುತ್ತಾರೆ. ನಿದ್ದೆ ಬಾರದು, ಮೈಕೈ ನೋವು ಎಂದು ಬಂದವರಲ್ಲಿ ಖಿನ್ನತೆಯನ್ನು ಹೇಗೆ ಗುರುತಿಸಬೇಕು, ಯಾವ ಔಷಧ ಎಷ್ಟು ದಿನ ಎಂಬುದು ಅಲ್ಲೇ ತಿಳಿಯುತ್ತದೆ. ಇಲ್ಲಿ ಪಾಠ ನಡೆಯುವ ಹೊತ್ತಿನಲ್ಲಿ ಹೊರರೋಗಿ ವಿಭಾಗ ಮುಚ್ಚುವುದಿಲ್ಲ. ಹೊರರೋಗಿ ವಿಭಾಗವೇ ಪಾಠಶಾಲೆ. 2018ರಲ್ಲಿ ಆರಂಭವಾದ ನಿಮ್ಹಾನ್ಸ್ ಡಿಜಿಟಲ್ ಅಕಾಡೆಮಿ ವೈದ್ಯರ ಜೊತೆಗೆ ಶುಶ್ರೂಷಾಧಿಕಾರಿಗಳು ಮತ್ತು ಸಮಾಜ ಕಾರ್ಯಕರ್ತರಿಗೂ ಆನ್‌ಲೈನ್ ಮೂಲಕ ಕಲಿಯಲು ಅವಕಾಶ ಮಾಡಿತು.

ಸಾರ್ವಜನಿಕ ಆರೋಗ್ಯ ನಿರ್ವಹಣೆಯಲ್ಲೂ ಇಂಥ ಯತ್ನ ರಾಜ್ಯದಲ್ಲಿ ನಡೆದಿದೆ. 2009ರ ನಂತರ ತುಮಕೂರು ಜಿಲ್ಲೆಯ ತಾಲ್ಲೂಕು ಮತ್ತು ಜಿಲ್ಲಾ ಆರೋಗ್ಯಾಧಿಕಾರಿಗಳಿಗೆ ಬೆಂಗಳೂರಿನ ಸಾರ್ವಜನಿಕ ಆರೋಗ್ಯ ಸಂಸ್ಥೆ ಮತ್ತಿತರ ಸಂಸ್ಥೆಗಳು ಕಂತು ಕಂತಾಗಿ ತರಗತಿ ನಡೆಸಿ, ನಡುವೆ ಅವರ ಕಚೇರಿಗೇ ಹೋಗಿ ಮಾರ್ಗದರ್ಶನ ನೀಡಿದವು. ಅದರ ಅಧ್ಯಯನದಿಂದ ತಿಳಿದದ್ದು ಸರಳ ಸಂಗತಿ: ಕಲಿತದ್ದನ್ನು ಬಳಸಲು ಮೇಲಧಿಕಾರಿಗಳ ಬೆಂಬಲ ಮತ್ತು ಕಚೇರಿಯ ವಾತಾವರಣವೂ ಬೇಕು. ಪಾಠ ಒಂದೇ ಸಾಲದು.

ಇಗ್ನೋ, ವೆಲ್ಲೂರು, ಲಂಡನ್

ಈ ಬಗೆಯ ಓದು ದೇಶಕ್ಕೆ ಹೊಸತಲ್ಲ. 1985ರಲ್ಲಿ ಸ್ಥಾಪನೆಯಾದ ಇಂದಿರಾಗಾಂಧಿ ರಾಷ್ಟ್ರೀಯ ಮುಕ್ತ ವಿಶ್ವವಿದ್ಯಾಲಯ 1991ರಲ್ಲಿ ಆರೋಗ್ಯ ವಿಜ್ಞಾನ ಶಾಲೆ ತೆರೆಯಿತು. 1990ರ ದಶಕದಲ್ಲಿ ಅದು ವೈದ್ಯರಿಗಾಗಿ ತಾಯಿ ಮತ್ತು ಮಗುವಿನ ಆರೋಗ್ಯ ಕುರಿತ ಸ್ನಾತಕೋತ್ತರ ಡಿಪ್ಲೊಮಾ ಆರಂಭಿಸಿತು. ಮುದ್ರಿತ ಪಾಠಗಳನ್ನು ಮನೆಯಲ್ಲಿ ಓದಿ, ನಿಗದಿತ ದಿನಗಳಲ್ಲಿ ವೈದ್ಯಕೀಯ ಕಾಲೇಜು ಮತ್ತು ಜಿಲ್ಲಾ ಆಸ್ಪತ್ರೆಯಲ್ಲಿ ಪ್ರಾಯೋಗಿಕ ತರಬೇತಿ ಪಡೆಯುವ ಕ್ರಮ ಅದು. ತಮಿಳುನಾಡಿನ ವೆಲ್ಲೂರು ಕ್ರಿಶ್ಚಿಯನ್ ವೈದ್ಯಕೀಯ ಕಾಲೇಜು ಕುಟುಂಬ ವೈದ್ಯ ವಿಷಯದಲ್ಲಿ ಎರಡು ವರ್ಷದ ದೂರಶಿಕ್ಷಣ ಕೋರ್ಸ್ ರೂಪಿಸಿ, ಸಣ್ಣ ಊರುಗಳ ವೈದ್ಯರಿಗೆ ಪಾಠ ಮತ್ತು ಅಲ್ಪಾವಧಿ ಸಂಪರ್ಕ ಶಿಬಿರಗಳ ಮೂಲಕ ಕಲಿಸಿತು.

ಹೊರದೇಶಗಳಲ್ಲಿ ಈ ವ್ಯವಸ್ಥೆ ಇನ್ನಷ್ಟು ಬೆಳೆದಿದೆ. ಲಂಡನ್ನಿನ ಸ್ವಚ್ಛತಾ ಮತ್ತು ಉಷ್ಣವಲಯ ವೈದ್ಯಶಾಲೆ 1990ರ ದಶಕದ ಕೊನೆಯಿಂದ ದೂರಶಿಕ್ಷಣದಲ್ಲಿ ಸಾರ್ವಜನಿಕ ಆರೋಗ್ಯದ ಸ್ನಾತಕೋತ್ತರ ಪದವಿ ಕಲಿಸುತ್ತಿದೆ. ಉದ್ಯೋಗದಲ್ಲಿರುವವರು ಅದನ್ನು ಐದು ವರ್ಷಗಳವರೆಗೆ ಹಂಚಿಕೊಂಡು ಮುಗಿಸಬಹುದು. ಅಮೆರಿಕದ ನ್ಯೂ ಮೆಕ್ಸಿಕೊದಲ್ಲಿ ಭಾರತೀಯ ಮೂಲದ ವೈದ್ಯ ಸಂಜೀವ್ ಅರೋರಾ 2003ರಲ್ಲಿ ಆರಂಭಿಸಿದ ಎಕೊ ಯೋಜನೆ, ಹಳ್ಳಿಯ ವೈದ್ಯರನ್ನೂ ವಿಶ್ವವಿದ್ಯಾಲಯದ ತಜ್ಞರನ್ನೂ ವಾರಕ್ಕೊಮ್ಮೆ ವಿಡಿಯೊದಲ್ಲಿ ಒಟ್ಟುಗೂಡಿಸಿ ಕಠಿಣ ಪ್ರಕರಣಗಳನ್ನು ಚರ್ಚಿಸುವ ಪದ್ಧತಿ ತಂದಿತು. ನಿಮ್ಹಾನ್ಸ್ ಕೂಡ ಈ ಪದ್ಧತಿಯನ್ನು ಬಳಸಿಕೊಂಡಿದೆ.

ಶುಶ್ರೂಷಾಧಿಕಾರಿಗಳ ಪಾಡು

ಉನ್ನತ ವ್ಯಾಸಂಗದ ಮಾತು ಬಂದಾಗ ಚರ್ಚೆ ವೈದ್ಯರ ಸುತ್ತಲೇ ತಿರುಗುತ್ತದೆ. ಆದರೆ ಹೆರಿಗೆ ಕೋಣೆಯಲ್ಲಿ ರಾತ್ರಿ ಎಚ್ಚರವಿರುವವರು ಶುಶ್ರೂಷಾಧಿಕಾರಿಗಳು. ಜನರಲ್ ನರ್ಸಿಂಗ್ ಡಿಪ್ಲೊಮಾ ಮಾಡಿದವರು ಎರಡು ವರ್ಷದ ಪೋಸ್ಟ್ ಬೇಸಿಕ್ ಬಿ.ಎಸ್ಸಿ. ಮುಗಿಸಿ, ಅನಂತರ ಎರಡು ವರ್ಷದ ಎಂ.ಎಸ್ಸಿ. ನರ್ಸಿಂಗ್ ಓದಬೇಕು. ಅಂದರೆ ನಾಲ್ಕು ವರ್ಷ. ಮನೆ, ಮಕ್ಕಳು, ಪಾಳಿಯ ಕೆಲಸದ ನಡುವೆ ನಾಲ್ಕು ವರ್ಷ ಬೇರೆ ಊರಿನಲ್ಲಿ ಇರುವುದು ಎಷ್ಟು ಜನರಿಗೆ ಸಾಧ್ಯ?

ಭಾರತೀಯ ಶುಶ್ರೂಷಾ ಪರಿಷತ್ತು ತೀವ್ರ ನಿಗಾ ವಿಭಾಗಕ್ಕಾಗಿ ರೂಪಿಸಿದ ನರ್ಸ್ ಪ್ರಾಕ್ಟೀಷನರ್ ಎಂಬ ಎರಡು ವರ್ಷದ ಸ್ನಾತಕೋತ್ತರ ಕೋರ್ಸ್ ಈ ದೃಷ್ಟಿಯಿಂದ ಗಮನಾರ್ಹ. ಅದು ನಿವಾಸಿ ಪದ್ಧತಿಯದು. ವಿದ್ಯಾರ್ಥಿಯ ಬಹುಪಾಲು ಸಮಯ ತರಗತಿಯಲ್ಲಲ್ಲ, ರೋಗಿಯ ಹಾಸಿಗೆಯ ಪಕ್ಕದಲ್ಲಿ ಕಳೆಯುತ್ತದೆ.

ಉಪಕೇಂದ್ರಗಳಲ್ಲಿ ದುಡಿಯುವ ಸಮುದಾಯ ಆರೋಗ್ಯ ಅಧಿಕಾರಿಗಳ ಹುದ್ದೆ ಹುಟ್ಟಿದ್ದೇ ಇಂಥ ಸೇತುವೆ ಕೋರ್ಸಿನಿಂದ. ನರ್ಸಿಂಗ್ ಓದಿದವರಿಗೆ ಆರು ತಿಂಗಳ ಸಮುದಾಯ ಆರೋಗ್ಯ ಪ್ರಮಾಣಪತ್ರ ಕೋರ್ಸನ್ನು ಇಗ್ನೋ 2017ರಲ್ಲಿ ಆರಂಭಿಸಿತು. ಆದರೆ ಈ ಅಧಿಕಾರಿಗಳು ಗುತ್ತಿಗೆ ನೌಕರರಾಗಿರುವಲ್ಲಿ, ಕಾಯಂ ನೌಕರರಿಗಿರುವ ಸಂಬಳ ಸಹಿತ ಉನ್ನತ ವ್ಯಾಸಂಗ ನಿಯೋಜನೆ ಅವರ ಕೈಗೆಟುಕದು. ಹುದ್ದೆಯಲ್ಲಿದ್ದೇ ಓದುವ ವ್ಯವಸ್ಥೆ ಎಲ್ಲರಿಗಿಂತ ಹೆಚ್ಚು ಬೇಕಾದದ್ದು ಇವರಿಗೇ.

ಎಚ್ಚರಿಕೆ ಅಗತ್ಯ

ಅನುಕೂಲದ ಓದು ಎಂಬ ಜಾಹೀರಾತುಗಳೆಲ್ಲ ನಂಬಲರ್ಹವಲ್ಲ. ವಿಶ್ವವಿದ್ಯಾಲಯ ಅನುದಾನ ಆಯೋಗದ 2020ರ ನಿಯಮಾವಳಿಯಂತೆ ವೈದ್ಯಕೀಯ, ದಂತ ವೈದ್ಯಕೀಯ, ನರ್ಸಿಂಗ್, ಫಾರ್ಮಸಿ, ಫಿಸಿಯೋಥೆರಪಿ ಮತ್ತು ಅರೆವೈದ್ಯಕೀಯ ಪದವಿಗಳನ್ನು ದೂರಶಿಕ್ಷಣ ಅಥವಾ ಆನ್‌ಲೈನ್ ಮೂಲಕ ನೀಡುವಂತಿಲ್ಲ. 2025ರ ಜುಲೈ-ಆಗಸ್ಟ್ ಶೈಕ್ಷಣಿಕ ಅವಧಿಯಿಂದ ಆಯೋಗ ಇನ್ನೂ ಒಂದು ಹೆಜ್ಜೆ ಮುಂದೆ ಹೋಯಿತು. 2021ರ ಸಹವೈದ್ಯಕೀಯ ಮತ್ತು ಆರೋಗ್ಯ ವೃತ್ತಿಗಳ ಆಯೋಗ ಕಾಯ್ದೆಯ ವ್ಯಾಪ್ತಿಗೆ ಬರುವ ವಿಷಯಗಳನ್ನೂ ಈ ಮಾರ್ಗದಿಂದ ಹೊರಗಿಟ್ಟಿತು. ಮನಃಶಾಸ್ತ್ರ, ಸೂಕ್ಷ್ಮಜೀವಶಾಸ್ತ್ರ, ಆಹಾರ ಮತ್ತು ಪೋಷಣಾ ವಿಜ್ಞಾನ, ಜೈವಿಕ ತಂತ್ರಜ್ಞಾನ, ಕ್ಲಿನಿಕಲ್ ನ್ಯೂಟ್ರಿಷನ್ ಈ ಪಟ್ಟಿಯಲ್ಲಿವೆ.

ಮಾನ್ಯತೆಯ ಪ್ರಶ್ನೆ ಎಷ್ಟು ಗಂಭೀರವೆಂಬುದನ್ನು ರಾಜ್ಯ ಮರೆತಿಲ್ಲ. 1996ರಲ್ಲಿ ಸ್ಥಾಪನೆಯಾದ ಮೈಸೂರಿನ ಕರ್ನಾಟಕ ರಾಜ್ಯ ಮುಕ್ತ ವಿಶ್ವವಿದ್ಯಾಲಯದ ಕೋರ್ಸುಗಳಿಗೆ 2013-14ರಿಂದ ಮಾನ್ಯತೆ ಇಲ್ಲವೆಂದು ಆಯೋಗ ಪ್ರಕಟಿಸಿದಾಗ ಸಾವಿರಾರು ವಿದ್ಯಾರ್ಥಿಗಳು ಅತಂತ್ರರಾದರು. ಮಾನ್ಯತೆ ಮರಳಿದ್ದು 2018ರಲ್ಲಿ. ತಪ್ಪು ಯಾರದೇ ಇರಲಿ, ಪೆಟ್ಟು ಬಿದ್ದದ್ದು ಕೆಲಸದ ನಡುವೆ ಸಮಯ ಹೊಂದಿಸಿಕೊಂಡು ಓದಿದವರಿಗೆ.

ಆದ್ದರಿಂದ ಹೆಸರು ನೋಂದಾಯಿಸುವ ಮೊದಲು ಕೆಲವು ಅಂಶ ಖಚಿತಪಡಿಸಿಕೊಳ್ಳುವುದು ಲೇಸು:

* ಕೋರ್ಸು ಪದವಿಯೋ, ಡಿಪ್ಲೊಮಾ ಅಥವಾ ಫೆಲೋಶಿಪ್ಪೋ, ಬರೀ ತರಬೇತಿ ಪ್ರಮಾಣಪತ್ರವೋ?
* ಸಂಬಂಧಿಸಿದ ಪರಿಷತ್ತು ಅಥವಾ ಆಯೋಗದ ಮಾನ್ಯತೆ ನೋಂದಣಿಯಾಗುವ ವರ್ಷಕ್ಕೂ ಅನ್ವಯಿಸುತ್ತದೆಯೇ?
* ಈ ಅರ್ಹತೆಯನ್ನು ಬಡ್ತಿ, ವೇತನಕ್ಕೆ ಇಲಾಖೆ ಪರಿಗಣಿಸುತ್ತದೆಯೇ?
* ಪ್ರಾಯೋಗಿಕ ತರಬೇತಿ ಎಲ್ಲಿ, ಎಷ್ಟು ದಿನ? ಆ ದಿನಗಳಿಗೆ ರಜೆ ಸಿಗುತ್ತದೆಯೇ?
* ಮೇಲಧಿಕಾರಿಗಳ ಲಿಖಿತ ಅನುಮತಿ ಪಡೆಯಲಾಗಿದೆಯೇ?

ವೆಲ್ಲೂರಿನಂಥ ಹೆಸರಾಂತ ಸಂಸ್ಥೆಯ ದೂರಶಿಕ್ಷಣ ಕೋರ್ಸ್ ಕೂಡ ಜ್ಞಾನ ಹೆಚ್ಚಿಸುತ್ತದೆಯೇ ಹೊರತು ಎಂ.ಡಿ.ಗೆ ಸಮನಾದ ತಜ್ಞ ಪಟ್ಟ ಕೊಡುವುದಿಲ್ಲ ಎಂಬುದು ನೆನಪಿರಬೇಕು.

ಉಳಿದಿರುವ ಕೆಲಸ

ಮೂರು ಅಡ್ಡಿಗಳು ಕಣ್ಣಿಗೆ ಬೀಳುತ್ತವೆ. ಮೊದಲನೆಯದು ಸಮಯ. ಓದಿಗೆಂದು ವಾರದಲ್ಲಿ ಅರ್ಧ ದಿನವನ್ನಾದರೂ ಕರ್ತವ್ಯದ ಭಾಗವೆಂದು ಎಣಿಸದಿದ್ದರೆ, ರಾತ್ರಿ ಪಾಳಿ ಮುಗಿಸಿದವರ ನಿದ್ದೆಯೇ ಅದರ ಶುಲ್ಕವಾಗುತ್ತದೆ. ಎರಡನೆಯದು ಭಾಷೆ. ವೈದ್ಯರಿಗೆ ಇಂಗ್ಲಿಷ್ ಪಾಠ ಸಾಕು. ಶುಶ್ರೂಷಾ ಮತ್ತು ಕ್ಷೇತ್ರ ಸಿಬ್ಬಂದಿಗೆ ಕನ್ನಡದ ಪಠ್ಯ, ಕನ್ನಡದ ಚರ್ಚೆ ಬೇಕು. ಮೂರನೆಯದು ಮನ್ನಣೆ. ಕಲಿತ ಮೇಲೂ ಹುದ್ದೆ, ಸಂಬಳ, ಜವಾಬ್ದಾರಿ ಯಾವುದೂ ಬದಲಾಗದಿದ್ದರೆ ಕಲಿಯುವ ಉತ್ಸಾಹ ಬಹುಕಾಲ ಉಳಿಯದು.

ವೈದ್ಯರ ನಡತೆ ಕುರಿತ 2002ರ ನಿಯಮಾವಳಿಯು ಪ್ರತಿ ಐದು ವರ್ಷಕ್ಕೆ ಕನಿಷ್ಠ 30 ತಾಸು ಮುಂದುವರಿದ ಶಿಕ್ಷಣ ಪಡೆಯಬೇಕೆಂದು ಹೇಳುತ್ತದೆ. ಐದು ವರ್ಷದಲ್ಲಿ 30 ತಾಸು ಎಂದರೆ ತಿಂಗಳಿಗೆ ಅರ್ಧ ತಾಸು. ಔಷಧಗಳೂ ಚಿಕಿತ್ಸಾ ಕ್ರಮಗಳೂ ಬದಲಾಗುವ ವೇಗಕ್ಕೆ ಇದು ತೀರ ಕಡಿಮೆ.

ಹಟ್ಟಿಯಂಥ ಗಣಿ ಪ್ರದೇಶದ ಬಳಿ ದುಡಿಯುವ ವೈದ್ಯರಿಗೆ ಔದ್ಯೋಗಿಕ ಆರೋಗ್ಯದ ತಿಳಿವಳಿಕೆ ಬೇಕು. ಹೊಲದಲ್ಲಿ ಹಾವು ಕಚ್ಚಿದವರು ಬರುವ ಕೇಂದ್ರದಲ್ಲಿ ತುರ್ತು ಚಿಕಿತ್ಸೆಯ ಕೌಶಲ ಬೇಕು. ರಕ್ತಹೀನ ತಾಯಂದಿರು ಬರುವಲ್ಲಿ ಪ್ರಸೂತಿ ಜ್ಞಾನ ಬೇಕು. ಮಹಾನಗರದ ಕಾಲೇಜಿನಲ್ಲಿ ಕುಳಿತು ಇವೆಲ್ಲವನ್ನೂ ಕಲಿಯಬಹುದು. ಆದರೆ ರೋಗಿಗಳು ಇರುವುದು ಇಲ್ಲಿ.

ಉನ್ನತ ವ್ಯಾಸಂಗ ಬೇಕೆನ್ನುವ ಪ್ರತಿಯೊಬ್ಬರೂ ಊರು ಬಿಡಬೇಕು ಎಂಬ ಸ್ಥಿತಿ ಇರುವವರೆಗೆ ಕುರ್ಚಿ ಖಾಲಿಯಾಗುತ್ತಲೇ ಇರುತ್ತದೆ. ಓದನ್ನು ಊರಿಗೆ ತರುವ ವ್ಯವಸ್ಥೆ ಬಲಗೊಂಡರೆ, ವೈದ್ಯರ ಗೋಡೆಯ ಮೇಲೆ ಇನ್ನೊಂದು ಪ್ರಮಾಣಪತ್ರ ತೂಗುತ್ತದೆ. ಆ ಪ್ರಮಾಣಪತ್ರಕ್ಕಿಂತ ಮುಖ್ಯವಾದದ್ದು ಒಂದಿದೆ: ಮರುದಿನ ಬೆಳಿಗ್ಗೆ ಬಾಗಿಲು ತೆರೆದಾಗ ಅದೇ ವೈದ್ಯರು, ಅದೇ ಶುಶ್ರೂಷಾಧಿಕಾರಿ ಅಲ್ಲಿರುತ್ತಾರೆ.